ಕಣ್ಣಿಗೆ ಕಾಣದ ಹುಣಿ

ಮಕ್ಕಳೇ, ನಮ್ಮ ಊರುಗಳ ಕಂಬಳದ ಕರೆಗಳ ಹೆಸರನ್ನು ಒಮ್ಮೆ ಸಾಲಾಗಿ ಹೇಳಿ ನೋಡಿ. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸೂರ್ಯ-ಚಂದ್ರ. ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ, ಅದೇ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ. ಸ್ವಲ್ಪ ಆಚೆ ಕಾರ್ಕಳದ ಮಿಯಾರಿಗೆ ಹೋದರೆ ಲವ-ಕುಶ. ಎರಡು ಕರೆ, ಎರಡು ಹೆಸರು. ಒಂದರಲ್ಲಿ ಒಬ್ಬ ಯಜಮಾನರ ಕೋಣಗಳು ಓಡಿದರೆ ಪಕ್ಕದ್ದರಲ್ಲಿ ಅವರ ಎದುರಾಳಿಯ ಕೋಣಗಳು.

ಓಡುವವರು ಎದುರಾಳಿಗಳು. ಆದರೆ ಕರೆಗಳ ಹೆಸರು ಮಾತ್ರ ಅಣ್ಣತಮ್ಮಂದಿರದ್ದು, ಇಲ್ಲವೇ ಒಂದನ್ನು ಬಿಟ್ಟು ಇನ್ನೊಂದಿಲ್ಲ ಎನ್ನುವಂಥ ಜೋಡಿಗಳದ್ದು. ರಾಮ-ರಾವಣ ಜೋಡುಕರೆ ಎಂದು ಯಾರಾದರೂ ಕೇಳಿದ್ದೀರಾ? ಭೀಮ-ದುರ್ಯೋಧನ ಜೋಡುಕರೆ? ಪಕ್ಕದ ಕರೆಯಲ್ಲಿ ಇನ್ನೊಬ್ಬ ಓಡಿದರೆ ಮಾತ್ರ ನನ್ನ ಓಟಕ್ಕೆ ಬೆಲೆ ಎಂಬುದು ಹೆಸರಿಟ್ಟ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದಂತೆ ಕಾಣುತ್ತದೆ.

ಈ ವಾರ ಕಂಬಳದಿಂದ ಮಾತು ಶುರುಮಾಡಿದ್ದಕ್ಕೆ ಕಾರಣ ಇನ್ನೊಂದು ಓಟ. ಶಾಲೆ ಬಿಟ್ಟು ಬಂದು, ಹೋಂವರ್ಕ್ ಮುಗಿಸಿ (ಕೆಲವರು ಮುಗಿಸದೆಯೂ!) ಕಂಪ್ಯೂಟರ್, ಪ್ಲೇಸ್ಟೇಷನ್, ಮೊಬೈಲುಗಳ ಮುಂದೆ ಕುಳಿತು ನೀವು ಓಡಿಸುವ ಕಾರುಗಳ ಓಟ. ಆ ಓಟದಲ್ಲಿ ನಡೆಯುವ ಜಗಳ, ಬೈಗುಳ, ಬೇಕೆಂದೇ ಗುದ್ದುವ ಕೆಟ್ಟ ಚಾಳಿ, ಇವುಗಳ ಬಗ್ಗೆ ಇಂದು ಮಾತಾಡೋಣ. ಅಜ್ಜ-ಅಜ್ಜಿಯರೂ ಹತ್ತಿರ ಬಂದು ಕುಳಿತುಕೊಳ್ಳಿ. ನಿಮಗೆ ಈ ಕಾರಿನ ಆಟ ಹೊಸದು, ಆದರೆ ಓಟ ಹೊಸದಲ್ಲ.

ಅಜ್ಜ-ಅಜ್ಜಿಯರಿಗೆ ಮೊದಲು ಎರಡು ಮಾತು

ಕಾರಿನ ಆಟಗಳಲ್ಲಿ ಎರಡು ಬಗೆ. ಒಂದು, ಗುಂಡಿ ಒತ್ತಿದರೆ ಕಾರು ಹಾರುವ, ಗೋಡೆಗೆ ಗುದ್ದಿದರೂ ಏನೂ ಆಗದ ಬರೀ ಮೋಜಿನ ಆಟ. ಇನ್ನೊಂದನ್ನು ಸಿಮ್ಯುಲೇಟರ್ ಎನ್ನುತ್ತಾರೆ. ಇದರಲ್ಲಿ ನಿಜವಾದ ಕಾರು ಹೇಗೆ ವರ್ತಿಸುತ್ತದೋ ಹಾಗೆಯೇ ಪರದೆಯ ಮೇಲಿನ ಕಾರು ವರ್ತಿಸಬೇಕು. ಟಯರು ಬಿಸಿಯಾಗುತ್ತದೆ, ಸವೆಯುತ್ತದೆ. ಪೆಟ್ರೋಲು ಕಮ್ಮಿಯಾದಂತೆ ಕಾರು ಹಗುರವಾಗುತ್ತದೆ. ತಿರುವಿನಲ್ಲಿ ಬ್ರೇಕು ತಡವಾಗಿ ಹಾಕಿದರೆ ಕಾರು ನೇರ ಹೊರಗೆ ಹೋಗುತ್ತದೆ. ಆಡುವವರ ಕೈಯಲ್ಲಿ ಸ್ಟಿಯರಿಂಗ್, ಕಾಲಡಿಯಲ್ಲಿ ಪೆಡಲುಗಳು ಇರುವುದೂ ಉಂಟು. 2008ರಲ್ಲಿ ಅಮೆರಿಕದಲ್ಲಿ ಶುರುವಾದ ಐರೇಸಿಂಗ್ ಎಂಬ ಸಿಮ್ಯುಲೇಟರಿನವರು ನಿಜವಾದ ಓಟದ ರಸ್ತೆಗಳನ್ನು ಲೇಸರ್ ಕಿರಣದಿಂದ ಅಳೆದು, ಅಲ್ಲಿನ ಸಣ್ಣ ಉಬ್ಬು-ತಗ್ಗುಗಳನ್ನೂ ಪರದೆಯ ರಸ್ತೆಯಲ್ಲಿ ತರುತ್ತಾರೆ.

ಇದನ್ನು ಆನ್‌ಲೈನಿನಲ್ಲಿ ಆಡಿದಾಗ ಎದುರಾಳಿಗಳು ಯಂತ್ರಗಳಲ್ಲ, ಮನುಷ್ಯರು. ನಿಮ್ಮ ಮೊಮ್ಮಗ ಬಿ.ಸಿ.ರೋಡಿನ ಮನೆಯಲ್ಲಿ ಕುಳಿತಿದ್ದರೆ, ಅವನ ಪಕ್ಕದ ಕಾರಿನಲ್ಲಿರುವವರು ಉಜಿರೆಯವರಿರಬಹುದು, ದುಬೈಯವರಿರಬಹುದು, ಬ್ರೆಜಿಲಿನವರಿರಬಹುದು. ಅದು ಹತ್ತು ವರ್ಷದ ಹುಡುಗಿಯೂ ಇರಬಹುದು, ಐವತ್ತು ವರ್ಷದ ಡಾಕ್ಟರೂ ಇರಬಹುದು. ಮುಖ ಕಾಣುವುದಿಲ್ಲ. ಕಾಣುವುದು ಒಂದು ಕಾರು, ಅದರ ಮೇಲೊಂದು ಹೆಸರು, ಅಷ್ಟೇ. ತೊಂದರೆ ಹೆಚ್ಚಾಗಿ ಶುರುವಾಗುವುದು ಇಲ್ಲಿಂದ.

ಒಂದೇ ಕರೆ, ಇಪ್ಪತ್ತು ಜೋಡಿ

ಜೋಡುಕರೆಯಲ್ಲಿ ಒಂದು ಅನುಕೂಲವಿದೆ. ಎರಡು ಕರೆಗಳ ನಡುವೆ ಗದ್ದೆಯ ಹುಣಿಯ ಹಾಗೆ ಒಂದು ದಂಡೆ ಇರುತ್ತದೆ. ನನ್ನ ಕೋಣ ನನ್ನ ಕೆಸರಿನಲ್ಲಿ, ನಿನ್ನ ಕೋಣ ನಿನ್ನ ಕೆಸರಿನಲ್ಲಿ. ನಾನು ಎಷ್ಟೇ ಸಿಟ್ಟಿನವನಾದರೂ ಓಡುವಾಗ ನಿನ್ನನ್ನು ತಳ್ಳಿ ಹಾಕುವಂತಿಲ್ಲ. ಗಂತಿನಲ್ಲಿ ಬಿಟ್ಟಲ್ಲಿಂದ ಮಂಜೊಟ್ಟಿ ಮುಟ್ಟುವವರೆಗೆ ಆ ಹುಣಿಯೇ ಇಬ್ಬರಿಗೂ ತೀರ್ಪುಗಾರ.

ಕಾರಿನ ಓಟದಲ್ಲಿ ಹುಣಿ ಇಲ್ಲ. ಇಪ್ಪತ್ತು ಕಾರುಗಳಿಗೂ ಒಂದೇ ರಸ್ತೆ. ಮೊದಲ ತಿರುವು ಬಂದಾಗ ಎಲ್ಲರಿಗೂ ಬೇಕಾದದ್ದು ಒಂದೇ ಜಾಗ. ಕಂಬಳದಲ್ಲಿ ಇಪ್ಪತ್ತು ಜೋಡಿ ಕೋಣಗಳನ್ನು ಒಂದೇ ಕರೆಗೆ ಒಟ್ಟಿಗೆ ಬಿಟ್ಟರೆ ಏನಾದೀತು, ಯೋಚಿಸಿ! ಆದರೂ ಒಳ್ಳೆಯ ಓಟಗಾರರು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ, ಪಕ್ಕದ ಕಾರಿನಿಂದ ಒಂದು ಮೊಳ ಅಂತರದಲ್ಲಿ, ಮುಟ್ಟದೆ ಸಾಗುತ್ತಾರೆ. ಹೇಗೆ? ಅವರು ಆ ಹುಣಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. ಪಕ್ಕದವನ ಕಾರಿಗೆ ಒಂದು ಕಾರಿನಗಲ ಜಾಗ ಅವನದ್ದು, ಅದರೊಳಗೆ ನಾನು ಕಾಲಿಡುವುದಿಲ್ಲ ಎಂಬ ಒಪ್ಪಂದ ಅದು. ಕಾಗದದಲ್ಲಿ ಬರೆದದ್ದಲ್ಲ, ಸಹಿ ಹಾಕಿದ್ದಲ್ಲ. ಆದರೆ ಒಬ್ಬ ಮುರಿದರೂ ಇಪ್ಪತ್ತು ಜನರ ಸಂಜೆ ಹಾಳು.

ಈ ಒಪ್ಪಂದ ಗೊತ್ತಿಲ್ಲದವರು, ಗೊತ್ತಿದ್ದೂ ಲೆಕ್ಕಿಸದವರು ಮೊದಲ ತಿರುವಿನಲ್ಲಿ ಬ್ರೇಕನ್ನೇ ಒತ್ತುವುದಿಲ್ಲ. ಮುಂದಿನ ಕಾರಿಗೆ ಗುದ್ದಿ ಅದನ್ನೇ ಬ್ರೇಕಿನಂತೆ ಬಳಸಿಕೊಂಡು ತಿರುಗುತ್ತಾರೆ. ಗುದ್ದಿಸಿಕೊಂಡವನು ಹುಲ್ಲಿನಲ್ಲಿ, ಗುದ್ದಿದವನು ಮೂರನೇ ಸ್ಥಾನದಲ್ಲಿ. ನಿಜವಾದ ಕಾರಾಗಿದ್ದರೆ ಪ್ರಾಣದ ಭಯ ಇರುತ್ತಿತ್ತು, ರಿಪೇರಿ ಖರ್ಚಿನ ಭಯ ಇರುತ್ತಿತ್ತು. ಪರದೆಯ ಮೇಲೆ ಎರಡೂ ಇಲ್ಲ. ಹಾಗಾದರೆ ಗುದ್ದದಂತೆ ತಡೆಯುವುದು ಯಾವುದು?

ಯಂತ್ರ ಎಣಿಸುವುದು ಮತ್ತು ಎಣಿಸಲಾಗದ್ದು

ಆಟ ಮಾಡಿದವರು ಇದಕ್ಕೆ ಒಂದು ಉಪಾಯ ಹುಡುಕಿದ್ದಾರೆ. ಐರೇಸಿಂಗ್‌ನಲ್ಲಿ ಪ್ರತಿಯೊಬ್ಬರಿಗೂ ಸುರಕ್ಷತೆಯ ಅಂಕವಿರುತ್ತದೆ. ಕಾರು ರಸ್ತೆ ಬಿಟ್ಟು ಹೊರಗೆ ಹೋದರೆ ತಪ್ಪಿನ ಲೆಕ್ಕದಲ್ಲಿ 1. ಹಿಡಿತ ತಪ್ಪಿ ಗಿರಗಿರನೆ ತಿರುಗಿದರೆ 2. ಇನ್ನೊಂದು ಕಾರಿಗೆ ಜೋರಾಗಿ ಡಿಕ್ಕಿಯಾದರೆ 4. ತಪ್ಪು ಹೆಚ್ಚಾದಷ್ಟೂ ಸುರಕ್ಷತೆಯ ಅಂಕ ಇಳಿಯುತ್ತದೆ. ಹೊಸಬರ ಪರವಾನಗಿಗೆ ರೂಕಿ ಎಂದು ಹೆಸರು. ಶುದ್ಧವಾಗಿ ಓಡಿಸಿದವರು ಅಲ್ಲಿಂದ ಡಿ, ಸಿ, ಬಿ, ಎ ಎಂದು ಮೇಲೇರುತ್ತಾರೆ, ವೇಗದ ಕಾರುಗಳ ಓಟಕ್ಕೆ ಅರ್ಹರಾಗುತ್ತಾರೆ.

ಇದು ನಮಗೆ ಗೊತ್ತಿಲ್ಲದ ಏರ್ಪಾಡೇನಲ್ಲ. ಕಂಬಳದಲ್ಲೂ ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳಿವೆ. ನಿನ್ನೆ ಮೊನ್ನೆ ಕರೆಗೆ ಇಳಿದ ಕೋಣಗಳನ್ನು ಹತ್ತಾರು ಮೆಡಲ್ ಗೆದ್ದ ಹಿರಿಯ ಕೋಣಗಳ ಎದುರು ನಿಲ್ಲಿಸುವುದಿಲ್ಲ.

ಪ್ಲೇಸ್ಟೇಷನ್‌ನಲ್ಲಿ 2017ರಲ್ಲಿ ಬಂದ ಗ್ರಾನ್ ಟುರಿಸ್ಮೊ ಸ್ಪೋರ್ಟ್ ಎಂಬ ಆಟದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದರಲ್ಲಿ ಎರಡು ಬೇರೆ ಬೇರೆ ಗುರುತು: ಒಂದು ನೀವು ಎಷ್ಟು ವೇಗದವರು ಎಂಬುದಕ್ಕೆ, ಇನ್ನೊಂದು ನಿಮ್ಮ ಕ್ರೀಡಾ ನಡತೆ ಹೇಗೆ ಎಂಬುದಕ್ಕೆ. ಆನ್‌ಲೈನ್ ಸ್ಪರ್ಧೆಗೆ ಇಳಿಯುವ ಮೊದಲು ನಡತೆಯ ಬಗ್ಗೆ ಎರಡು ಚಿಕ್ಕ ವೀಡಿಯೊ ನೋಡಲೇಬೇಕಿತ್ತು. ನೋಡದಿದ್ದರೆ ಬಾಗಿಲೇ ತೆರೆಯುತ್ತಿರಲಿಲ್ಲ. ವೇಗ ಮತ್ತು ನಡತೆಯನ್ನು ಬೇರೆ ಬೇರೆ ಅಂಕಗಳಲ್ಲಿ ಅಳೆದದ್ದು ಜಾಣತನ. ನಮ್ಮ ಶಾಲೆಯ ಪ್ರಗತಿ ಪತ್ರದಲ್ಲೂ ಗಣಿತಕ್ಕೆ ಬೇರೆ, ನಡತೆಗೆ ಬೇರೆ ಗೆರೆ ಇರುತ್ತಿತ್ತು, ನೆನಪಿದೆಯಾ ಅಜ್ಜಿ?

ಆದರೆ ಯಂತ್ರಕ್ಕೆ ಒಂದು ಮಿತಿ ಇದೆ. ಐರೇಸಿಂಗ್‌ನ ಲೆಕ್ಕದಲ್ಲಿ ಎರಡು ಕಾರು ಡಿಕ್ಕಿಯಾದರೆ ಇಬ್ಬರಿಗೂ 4 ಬೀಳುತ್ತದೆ. ಯಾರು ಗುದ್ದಿದ್ದು, ಯಾರು ಗುದ್ದಿಸಿಕೊಂಡದ್ದು ಎಂದು ಯಂತ್ರ ಕೇಳುವುದಿಲ್ಲ. "ಇದೆಂಥ ನ್ಯಾಯ ಮಾರಾಯ್ರೇ!" ಎಂದು ನಿಮಗೆ ಅನ್ನಿಸಬಹುದು. ಅದಕ್ಕೊಂದು ಕಾರಣವಿದೆ. ಡಿಕ್ಕಿಯಾಯಿತು ಎಂಬುದನ್ನು ಯಂತ್ರ ತಿಳಿಯಬಲ್ಲದು, ಬೇಕೆಂದೇ ಮಾಡಿದ್ದೋ ಕೈತಪ್ಪಿ ಆದದ್ದೋ ಎಂಬುದನ್ನು ತಿಳಿಯಲಾರದು. ಇಬ್ಬರಿಗೂ ಅಂಕ ಹೋದರೆ ಇಬ್ಬರೂ ಜಾಗ್ರತೆಯಾಗಿರುತ್ತಾರೆ ಎಂಬುದು ಅವರ ಲೆಕ್ಕಾಚಾರ. ತೀರಾ ಕೆಟ್ಟದಾಗಿ ವರ್ತಿಸಿದವರ ಮೇಲೆ ದೂರು ಕೊಡಲು ಬೇರೆ ದಾರಿ ಇದೆ. ಆಗ ಓಟದ ದಾಖಲೆಯನ್ನು ಮನುಷ್ಯರೇ ಕುಳಿತು ನೋಡಿ ತೀರ್ಮಾನಿಸುತ್ತಾರೆ.

ಕಂಬಳದಲ್ಲೂ ಹೀಗೆಯೇ. ಈಗ ಮಂಜೊಟ್ಟಿಯಲ್ಲಿ ಲೇಸರ್ ಕಿರಣ ಇದೆ. ಯಾವ ಜೋಡಿ ಮೊದಲು ಮುಟ್ಟಿತು ಎಂಬುದನ್ನು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಹೇಳುತ್ತದೆ. "ನಮ್ಮ ಕೋಣದ ಮೂತಿ ಮುಂದಿತ್ತು" ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಗಂತಿನಲ್ಲಿ ಕೋಣ ಬಿಡಲು ಬೇಕೆಂದೇ ತಡಮಾಡಿ ಎದುರಿನ ಜೋಡಿಯನ್ನು ದಣಿಸುವವರನ್ನು ಯಾವ ಕಿರಣ ಅಳೆಯುತ್ತದೆ? ಸೋತ ಮೇಲೆ ಕೋಣದ ಮೈದಡವಿ ಕರೆದುಕೊಂಡು ಹೋದವರಿಗೆ ಯಾವ ಯಂತ್ರ ಅಂಕ ಕೊಡುತ್ತದೆ? ಅದನ್ನು ನೋಡುವುದು ದಂಡೆಯ ಮೇಲೆ ನಿಂತ ಜನರ ಕಣ್ಣು.

ದೊಡ್ಡವರೂ ಎಡವಿದ ವರ್ಷ

ಇದು ಮಕ್ಕಳ ಜಗಳ ಎಂದುಕೊಳ್ಳಬೇಡಿ. 2020ರಲ್ಲಿ ಕೊರೊನಾದಿಂದ ಜಗತ್ತಿನ ನಿಜವಾದ ಕಾರಿನ ಓಟಗಳೆಲ್ಲ ನಿಂತಾಗ ದೊಡ್ಡ ದೊಡ್ಡ ಓಟಗಾರರು ಮನೆಯಲ್ಲಿ ಕುಳಿತು ಸಿಮ್ಯುಲೇಟರಿನಲ್ಲಿ ಸ್ಪರ್ಧಿಸಿದರು. ಲಕ್ಷಾಂತರ ಜನ ನೇರಪ್ರಸಾರ ನೋಡಿದರು. ಆಗ ನಡೆದ ಎರಡು ಘಟನೆ ಕೇಳಿ.

ಮೇ 2ರಂದು ಐರೇಸಿಂಗ್‌ನಲ್ಲಿ ಇಂಡಿಯಾನಾಪೊಲಿಸ್ ಓಟ. ಫಾರ್ಮುಲಾ ಒನ್ ಓಟಗಾರ ಲ್ಯಾಂಡೊ ನಾರಿಸ್ ಗೆಲ್ಲುವ ಸ್ಥಿತಿಯಲ್ಲಿದ್ದರು. ಫ್ರಾನ್ಸಿನ ಸಿಮೋನ್ ಪಜೆನೋ ಹಿಂದಿನ ವರ್ಷವಷ್ಟೇ ಅದೇ ಇಂಡಿಯಾನಾಪೊಲಿಸ್‌ನ ನಿಜವಾದ 500 ಮೈಲಿ ಓಟ ಗೆದ್ದವರು. ಅವರು ನಾರಿಸ್ ಮುಂದೆ ತಮ್ಮ ಕಾರನ್ನು ನಿಧಾನಗೊಳಿಸಿದರು. ವೇಗದಲ್ಲಿ ಬಂದ ನಾರಿಸ್ ಹಿಂದಿನಿಂದ ಡಿಕ್ಕಿಯಾಗಿ ಗೆಲುವು ಕಳೆದುಕೊಂಡರು. ನಾರಿಸ್‌ರನ್ನು ಓಟದಿಂದ ಹೊರಹಾಕುವ ಮಾತನ್ನು ಪಜೆನೋ ಆಡಿದ್ದು ನೇರಪ್ರಸಾರದಲ್ಲೇ ಕೇಳಿಸಿತ್ತು. ನಿಜವಾದ ರಸ್ತೆಯಲ್ಲಿ ಹಾಗೆ ಮಾಡುವ ಯೋಚನೆ ಅಂಥ ಅನುಭವಿಗೆ ಬರುತ್ತಿತ್ತೇ? ಪರದೆ ಮುಂದಿದ್ದಾಗ ಬಂತು.

ಅದೇ ತಿಂಗಳು ಫಾರ್ಮುಲಾ ಇ ಸಂಸ್ಥೆಯ ಆನ್‌ಲೈನ್ ಓಟದಲ್ಲಿ ಜರ್ಮನಿಯ ಡೇನಿಯಲ್ ಆಬ್ಟ್ ಮೂರನೆಯವರಾಗಿ ಬಂದರು. ಅಲ್ಲಿಯವರೆಗೆ ಹಿಂದೆ ಇದ್ದವರು ಏಕಾಏಕಿ ಇಷ್ಟು ಮುಂದೆ ಬಂದರೇಕೆ ಎಂದು ಉಳಿದವರಿಗೆ ಅನುಮಾನ. ತನಿಖೆಯಾದಾಗ ಗೊತ್ತಾಯಿತು, ಕಾರು ಓಡಿಸಿದ್ದು ಅವರಲ್ಲ, ಸಿಮ್ಯುಲೇಟರಿನಲ್ಲಿ ಪಳಗಿದ ಇನ್ನೊಬ್ಬ ಹುಡುಗ! ಆಬ್ಟ್ ಅನರ್ಹರಾದರು, 10,000 ಯೂರೊ ದತ್ತಿಗೆ ಕೊಡಬೇಕಾಯಿತು. ಅವರ ತಂಡ ಆಡಿ ಅವರನ್ನು ಅಮಾನತು ಮಾಡಿತು. ಅವರು ಕ್ಷಮೆ ಕೇಳಿದರು. ಅದೊಂದು ತಮಾಷೆ ಎಂದುಕೊಂಡಿದ್ದೆ ಎಂದೂ ಹೇಳಿದರು. ಆಟದ ಕಾರು ಸುಳ್ಳಾದರೂ ಮಾತು ಸುಳ್ಳಾಗುವಂತಿಲ್ಲ ಎಂಬುದು ಅವರಿಗೆ ತಡವಾಗಿ ತಿಳಿಯಿತು.

ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮಲ್ಲೂ ಒಂದು ಸುದ್ದಿ ಜಗತ್ತನ್ನು ಸುತ್ತಿತ್ತು. ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು ಎಂದು ದಾಖಲಾಯಿತು. ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದವರು 9.55 ಎಂದರು, ಉಸೇನ್ ಬೋಲ್ಟ್‌ರ 9.58ನ್ನು ಮೀರಿಸಿದರು ಎಂದು ಕೂಗಿದರು. ಅವರಿಗೆ ಏನನ್ನಿಸಿತು? ಬೋಲ್ಟ್ ವಿಶ್ವ ಚಾಂಪಿಯನ್, ತಾನು ಓಡುವುದು ಕೆಸರು ಗದ್ದೆಯಲ್ಲಿ, ಹೋಲಿಕೆ ಬೇಡ ಎಂದರು. ಓಟದ ಶ್ರೇಯಸ್ಸಿನಲ್ಲಿ ಕೋಣಗಳಿಗೂ ಪಾಲು ಕೊಟ್ಟರು. ಕೆಲವೇ ದಿನಗಳಲ್ಲಿ ವೇಣೂರಿನ ಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದ ಸುದ್ದಿಯೂ ಬಂತು. ಇಡೀ ದೇಶ ಹೊಗಳುತ್ತಿದ್ದಾಗ ತನ್ನ ಜಾಗ ಯಾವುದೆಂದು ಮರೆಯದೆ ಇರುವುದು ಸಣ್ಣ ಸಂಗತಿಯಲ್ಲ, ಮಕ್ಕಳೇ. ಪರದೆಯ ಮೇಲೆ ಗೆದ್ದು "ನಾನೇ ದೊಡ್ಡವ" ಎಂದು ಉಳಿದವರನ್ನು ಹೀಯಾಳಿಸಲು ಕೈ ತುರಿಸಿದಾಗ ಅಶ್ವತ್ಥಪುರವನ್ನು ನೆನಪಿಸಿಕೊಳ್ಳಿ.

ಹುಣಿಯನ್ನು ಕಾಯುವುದು ಹೇಗೆ?

ಈಗ ಕೆಲಸದ ಮಾತು. ಆನ್‌ಲೈನ್ ಓಟದಲ್ಲಿ ನಾಲ್ಕು ಜನರ ಒಳ್ಳೆಯ ಮಾತಿಗೆ ಪಾತ್ರರಾಗಬೇಕಾದರೆ ಇಷ್ಟು ನೆನಪಿಡಿ.

ಮೊದಲ ತಿರುವಿನಲ್ಲಿ ಯಾವಾಗಲೂ ಸ್ವಲ್ಪ ಬೇಗ ಬ್ರೇಕು ಹಾಕಿ. ಅಲ್ಲಿ ಎಲ್ಲರೂ ಒತ್ತೊತ್ತಾಗಿ ಇರುತ್ತಾರೆ, ಟಯರು ಇನ್ನೂ ತಣ್ಣಗಿರುತ್ತದೆ. ಮೊದಲ ತಿರುವಿನಲ್ಲಿ ಓಟ ಗೆದ್ದವರು ಯಾರೂ ಇಲ್ಲ, ಸೋತವರು ಬೇಕಾದಷ್ಟು ಇದ್ದಾರೆ.

ಹಿಂದಿನಿಂದ ಬಂದು ದಾಟುವವನ ಮೇಲೆಯೇ ಹೆಚ್ಚು ಜವಾಬ್ದಾರಿ. ಮುಂದಿನವನಿಗೆ ಬೆನ್ನ ಹಿಂದೆ ಕಣ್ಣಿಲ್ಲ. ತಿರುವಿಗೆ ಮೊದಲೇ ನೀವು ಅವನ ಪಕ್ಕಕ್ಕೆ ಬಂದಿದ್ದರೆ ಜಾಗ ಕೇಳಬಹುದು. ಬಂದಿಲ್ಲದಿದ್ದರೆ ಮುಂದಿನ ತಿರುವಿನವರೆಗೆ ತಾಳಿ. ಪಕ್ಕಕ್ಕೆ ಬಂದವನಿಗೆ ಒಂದು ಕಾರಿನಗಲ ಜಾಗ ಬಿಡುವುದು ಮುಂದಿನವನ ಧರ್ಮ.

ಕಾರು ತಿರುಗಿ ನಿಂತರೆ ಬ್ರೇಕು ಒತ್ತಿಹಿಡಿದು ಅಲ್ಲೇ ಇರಿ. ಗಾಬರಿಯಲ್ಲಿ ಹಿಂದೆ ಮುಂದೆ ಮಾಡಿದರೆ ಬರುವವರಿಗೆ ಯಾವ ಕಡೆ ತಪ್ಪಿಸಿಕೊಳ್ಳಬೇಕೆಂದೇ ತಿಳಿಯುವುದಿಲ್ಲ. ಎಲ್ಲರೂ ದಾಟಿದ ಮೇಲೆ ರಸ್ತೆಗೆ ಬನ್ನಿ. ಧರ್ಮಸ್ಥಳಕ್ಕೆ ಹೋಗುವ ಹೆದ್ದಾರಿಗೆ ಒಳರಸ್ತೆಯಿಂದ ಸ್ಕೂಟರ್ ಹೇಗೆ ಇಳಿಸುತ್ತಾರೆ? ಎರಡೂ ಬದಿ ನೋಡಿಯೇ ತಾನೆ?

ನೀಲಿ ಬಾವುಟ ಕಂಡರೆ ಸಿಟ್ಟಾಗಬೇಡಿ. ನಿಮಗಿಂತ ಒಂದು ಸುತ್ತು ಮುಂದಿರುವವರು ಹಿಂದೆ ಬಂದಿದ್ದಾರೆ ಎಂದು ಅದರ ಅರ್ಥ. ಏಕಾಏಕಿ ಪಕ್ಕಕ್ಕೆ ಸರಿಯಬೇಡಿ, ನಿಮ್ಮ ದಾರಿಯಲ್ಲಿ ನೇರ ಹೋಗಿ, ಅವರು ದಾಟುವಾಗ ಅಡ್ಡಹಾಕಬೇಡಿ.

ಕೈತಪ್ಪಿ ಯಾರನ್ನಾದರೂ ಹೊರಗೆ ತಳ್ಳಿದರೆ ನಿಧಾನ ಮಾಡಿ, ಅವರು ರಸ್ತೆಗೆ ಬರುವವರೆಗೆ ಕಾದು, ಅವರ ಸ್ಥಾನವನ್ನು ಅವರಿಗೇ ಬಿಟ್ಟುಕೊಡಿ. ಇಂಥ ನಿಯಮ ಬರೆದಿಡದ ಓಟದಲ್ಲೂ ಹಾಗೆ ಮಾಡುವವರಿದ್ದಾರೆ. ಅಂಥವರ ಪಕ್ಕದಲ್ಲಿ ಓಡಲು ಎಲ್ಲರಿಗೂ ಇಷ್ಟ.

ಸೋಲುತ್ತಿದ್ದೇನೆಂದು ನಡುವೆ ಬಿಟ್ಟು ಹೋಗಬೇಡಿ. ಹದಿನೆಂಟನೆಯ ಸ್ಥಾನಕ್ಕೂ ಹತ್ತೊಂಬತ್ತನೆಯ ಸ್ಥಾನಕ್ಕೂ ನಡುವೆ ಒಳ್ಳೆಯ ಓಟ ನಡೆಯುತ್ತದೆ. ನೀವು ಹೋದರೆ ಹತ್ತೊಂಬತ್ತನೆಯವನು ಒಬ್ಬನೇ ಓಡಬೇಕು.

ಇನ್ನೊಂದು ನಮ್ಮ ಊರಿಗೇ ಬೇಕಾದ ಮಾತು. ನೆಟ್ ಸರಿ ಇಲ್ಲದಾಗ ನಿಮ್ಮ ಕಾರು ಉಳಿದವರ ಪರದೆಯಲ್ಲಿ ನೆಗೆಯುತ್ತದೆ, ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷವಾಗುತ್ತದೆ. ನಿಮಗೆ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ. ಘಟ್ಟದ ಬುಡದ ದಿಡುಪೆ, ಚಾರ್ಮಾಡಿಯ ಕಡೆ ಜೋರು ಮಳೆ ಹೊಡೆದು ಕರೆಂಟು ಬಂದು ಹೋಗಿ ಮಾಡುವಾಗ ಇಪ್ಪತ್ತು ಜನರ ಓಟಕ್ಕೆ ಇಳಿಯದಿರುವುದೂ ಒಂದು ಮರ್ಯಾದೆ. ಆ ದಿನ ಒಬ್ಬರೇ ಅಭ್ಯಾಸ ಮಾಡಿ. ಗುಡುಗು ಮಿಂಚು ಇದ್ದರೆ ಪ್ಲಗ್ಗನ್ನೇ ತೆಗೆದಿಡಿ.

ಚೆನ್ನೆಮಣೆಯ ಸಿಟ್ಟು

ಆಟದಲ್ಲಿ ಸಿಟ್ಟು ಬರುವುದು ಮೊಬೈಲು ಬಂದ ಮೇಲೆ ಶುರುವಾದ ರೋಗವಲ್ಲ. ಸಿರಿಯ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅಕ್ಕತಂಗಿಯರ ಕಥೆ ಬರುತ್ತದೆ. ಇಬ್ಬರೂ ಚೆನ್ನೆಮಣೆ ಆಡಲು ಕುಳಿತರು. ಸೋಲು-ಗೆಲುವಿನಲ್ಲಿ ಮಾತಿಗೆ ಮಾತು ಬೆಳೆಯಿತು. ಒಬ್ಬಳು ಸಿಟ್ಟಿನ ಭರದಲ್ಲಿ ಮಣೆಯನ್ನೇ ಎತ್ತಿ ಇನ್ನೊಬ್ಬಳಿಗೆ ಹೊಡೆದಳು. ಪ್ರಾಣ ಹೋಯಿತು. ಹೊಡೆದವಳು ದುಃಖ ತಾಳಲಾರದೆ ಬಾವಿಗೆ ಹಾರಿದಳು. ಒಡಹುಟ್ಟಿದವರು ಚೆನ್ನೆಮಣೆ ಎದುರುಬದುರು ಕುಳಿತು ಆಡಬಾರದು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಿದ್ದುದರ ಹಿಂದೆ ಈ ಕಥೆಯಿದೆ. ಆಟದ ಸಿಟ್ಟು ಎಲ್ಲಿಯವರೆಗೆ ಹೋಗಬಹುದು ಎಂಬುದು ತುಳುನಾಡಿಗೆ ಬಹಳ ಹಿಂದೆಯೇ ಗೊತ್ತಿತ್ತು.

ಈಗಿನ ಮಣೆ ಎಂದರೆ ಮೈಕು ಮತ್ತು ಚಾಟು. ಗುದ್ದಿಸಿಕೊಂಡ ಕ್ಷಣದಲ್ಲಿ ಬಾಯಿಗೆ ಬಂದದ್ದನ್ನು ಕಿರುಚಿದರೆ, ಅದು ಇಪ್ಪತ್ತು ಮನೆಗಳಲ್ಲಿ ಕೇಳುತ್ತದೆ. ಯಾರದೋ ಮನೆಯಲ್ಲಿ ಪಕ್ಕದಲ್ಲೇ ಅಜ್ಜಿ ಕುಳಿತಿರಬಹುದು. ಯಾರೋ ಒಬ್ಬಳು ಹುಡುಗಿ ಮೊದಲ ಸಲ ಧೈರ್ಯ ಮಾಡಿ ಓಟಕ್ಕೆ ಇಳಿದಿರಬಹುದು. ಅವಳ ದನಿ ಕೇಳಿದ್ದೇ ತಡ ನಾಲ್ಕು ಜನ ಕೀಟಲೆ ಶುರುಮಾಡಿದರೆ ಅವಳು ಮೈಕು ಮುಚ್ಚುತ್ತಾಳೆ. ಎರಡನೆಯ ಸಲ ಆಟವನ್ನೇ ಮುಚ್ಚುತ್ತಾಳೆ. ಹೀಗೆ ಬಿಟ್ಟುಹೋದವರ ಲೆಕ್ಕ ಯಾವ ಫಲಿತಾಂಶದ ಪಟ್ಟಿಯಲ್ಲೂ ಸಿಗುವುದಿಲ್ಲ.

ಅದಕ್ಕೆ ಒಂದು ರೂಢಿ ಮಾಡಿಕೊಳ್ಳಿ. ಓಟ ನಡೆಯುವಾಗ ಚಾಟಿನಲ್ಲಿ ದೂರು ಬೇಡ. ಮುಗಿದ ಮೇಲೆ ಒಂದು ಲೋಟ ನೀರು ಕುಡಿದು ಬನ್ನಿ. ನಂತರ ಓಟದ ದಾಖಲೆಯನ್ನು ಮತ್ತೆ ಹಾಕಿ ನೋಡಿ. ಹಲವು ಸಿಮ್ಯುಲೇಟರುಗಳಲ್ಲಿ ಇರುವ ಒಂದು ಚೆಂದದ ಸೌಲಭ್ಯ ಎಂದರೆ, ಅದೇ ಓಟವನ್ನು ಎದುರಾಳಿಯ ಕಾರಿನಲ್ಲಿ ಕುಳಿತಂತೆ ನೋಡಬಹುದು. ನಿಮ್ಮ ಕಾರಿನಿಂದ "ಅವನೇ ಗುದ್ದಿದ" ಎಂದು ಕಂಡದ್ದು, ಅವನ ಕಾರಿನಿಂದ ನೋಡಿದಾಗ ಬೇರೆಯೇ ಕಾಣಬಹುದು. ನೀವು ಅವನಿಗೆ ಕಾಣದ ಮೂಲೆಯಲ್ಲಿ ಇದ್ದಿರಬಹುದು. ನಮ್ಮ ತಾಳಮದ್ದಳೆಯಲ್ಲಿ ಇಂದು ಅರ್ಜುನನಾಗಿ ವಾದಿಸಿದ ಅರ್ಥಧಾರಿ ಇನ್ನೊಂದು ರಾತ್ರಿ ಕರ್ಣನಾಗಿ ಕುಳಿತು ಅಷ್ಟೇ ಬಲವಾಗಿ ಮಾತಾಡುತ್ತಾರೆ. ಎದುರಿನ ಪಾತ್ರದ ಒಳಗೆ ಒಮ್ಮೆ ಹೊಕ್ಕು ಬಂದವರಿಗೆ ಅದರ ಮೇಲೆ ಮೊದಲಿನ ಸಿಟ್ಟು ಉಳಿಯುವುದಿಲ್ಲ.

ನೋಡಿದ ಮೇಲೂ ಅವನು ಬೇಕೆಂದೇ ಗುದ್ದಿದ್ದಾನೆ ಎಂದು ಖಾತ್ರಿಯಾದರೆ? ಆಗ ಬೈಯಬೇಡಿ, ಮುಂದಿನ ಓಟದಲ್ಲಿ ಸೇಡು ತೀರಿಸಲೂ ಹೋಗಬೇಡಿ. ದಾಖಲೆಯ ಆ ತುಣುಕನ್ನು ಉಳಿಸಿ, ಆಟದಲ್ಲೇ ಇರುವ ದೂರಿನ ಗುಂಡಿ ಒತ್ತಿ ಕಳುಹಿಸಿ. ಅವನ ಮಾತು ಕೇಳದಂತೆ ಮಾಡುವ ಗುಂಡಿಯೂ ಇರುತ್ತದೆ. ಯಾರಾದರೂ ಫೋನ್ ನಂಬರು, ಮನೆ ವಿಳಾಸ, ಫೋಟೊ ಕೇಳಿದರೆ ಕೊಡಬೇಡಿ, ಕೂಡಲೇ ಮನೆಯವರಿಗೆ ಹೇಳಿ. ಇದು ಚಾಡಿ ಹೇಳುವುದಲ್ಲ.

ಆಟ ಉಳಿಯುವುದು ಯಾರಿಂದ?

ಅಜ್ಜಂದಿರಿಗೆ ನೆನಪಿರಬಹುದು, ಕೆಲವು ವರ್ಷ ಕಂಬಳವೇ ನಿಂತುಹೋಗುತ್ತದೋ ಎಂಬ ಭಯ ಇತ್ತು. 2014ರಲ್ಲಿ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಳಿಕ ಕಂಬಳದ ಮೇಲೂ ಕತ್ತಿ ತೂಗಿತು. 2017ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅಷ್ಟರೊಳಗೆ ಕೋಣಗಳನ್ನು ಹೊಡೆಯಬಾರದು, ಹಿಂಸೆ ಕೊಡಬಾರದು ಎಂಬ ಮಾತು ಊರೂರ ಕಂಬಳಗಳಲ್ಲಿ ಗಟ್ಟಿಯಾಗಿ ಕೇಳತೊಡಗಿತ್ತು. ಆಡುವವರು ತಮ್ಮ ನಡತೆಯನ್ನು ತಾವೇ ನೋಡಿಕೊಳ್ಳದಿದ್ದರೆ ಹೊರಗಿನವರು ಬಂದು ಆಟವನ್ನೇ ನಿಲ್ಲಿಸುವ ದಿನ ಬರುತ್ತದೆ ಎಂಬುದನ್ನು ನಮ್ಮ ಊರು ಕಣ್ಣಾರೆ ಕಂಡಿದೆ.

ಮನೆಯಲ್ಲೂ ಹೀಗೆಯೇ ಆಗುವುದು. ಪರದೆಯ ಮುಂದೆ ಕುಳಿತವನು ಕಿರುಚಿ, ಮೇಜು ಗುದ್ದಿ, ಊಟಕ್ಕೆ ಕರೆದರೆ ಹರಿಹಾಯ್ದರೆ, ಅಪ್ಪ ವೈರನ್ನೇ ಕಿತ್ತಿಡುತ್ತಾರೆ. ಆಗ ತಪ್ಪು ಕಾರಿನ ಆಟದ್ದು ಎಂದು ಎಲ್ಲರೂ ತೀರ್ಮಾನಿಸುತ್ತಾರೆ.

ಅಜ್ಜ-ಅಜ್ಜಿಯರೇ, ನಿಮ್ಮಲ್ಲೂ ಒಂದು ವಿನಂತಿ. "ಎಂಥದ್ದದು ಮಂಡೆ ಹಾಳಾಗುವ ಆಟ" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಇದು ಜೂಜಲ್ಲವೇ ಎಂಬ ಅನುಮಾನ ನಿಮಗಿರಬಹುದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಕೌಶಲದ ಇ-ಕ್ರೀಡೆಗಳನ್ನು ಬೇರೆಯಾಗಿ ಗುರುತಿಸಿದೆ. ಮೊಮ್ಮಕ್ಕಳು ಆಡುವುದು ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಎಷ್ಟು ಹೊತ್ತು ಎಂಬುದನ್ನು ಮನೆಯವರೆಲ್ಲ ಕೂಡಿ ನಿಶ್ಚಯಿಸಿ. ಓಟ ಶುರುವಾದ ಮೇಲೆ ನಡುವೆ ಎಬ್ಬಿಸಬೇಡಿ, ಶುರುವಾಗುವ ಮೊದಲೇ "ಇನ್ನೊಂದು ಓಟ, ಆಮೇಲೆ ಊಟ" ಎಂದು ಹೇಳಿ. ಕಂಬಳದ ದಂಡೆಯಲ್ಲಿ ನಿಂತು ಒಳ್ಳೆಯ ಓಟ ಯಾವುದು, ಕೆಟ್ಟ ಓಟ ಯಾವುದು ಎಂದು ಗುರುತಿಸಲು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆ ಕಣ್ಣು ಪರದೆಯ ಓಟಕ್ಕೂ ಸಾಕಾಗುತ್ತದೆ.

ಈ ವಾರದ ಕೆಲಸ

ಮಕ್ಕಳೇ, ಈ ಭಾನುವಾರ ಒಂದು ಓಟವನ್ನು ಅಜ್ಜ ಅಥವಾ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ. ಅವರ ಕೈಗೆ ಒಂದು ಕಾಗದ, ಪೆನ್ನು ಕೊಡಿ. ನೀವು ಇನ್ನೊಂದು ಕಾರನ್ನು ಮುಟ್ಟಿದಾಗಲೆಲ್ಲ ಅವರು ಒಂದು ಗೆರೆ ಎಳೆಯಲಿ. ಬಾಯಿಂದ ಕೆಟ್ಟ ಮಾತು ಬಂದರೆ ಎರಡು ಗೆರೆ. ಬೇರೆಯವರಿಗೆ ಜಾಗ ಬಿಟ್ಟುಕೊಟ್ಟರೆ, ಇಲ್ಲವೇ ಕಾದು ನಿಂತು ಸ್ಥಾನ ಹಿಂದಿರುಗಿಸಿದರೆ ಒಂದು ಗೆರೆ ಅಳಿಸಲಿ. ಓಟ ಮುಗಿದ ಮೇಲೆ ಎಷ್ಟನೆಯವರಾಗಿ ಬಂದಿರಿ ಎಂಬುದನ್ನು ಕಾಗದದ ಒಂದು ಬದಿಯಲ್ಲೂ, ಎಷ್ಟು ಗೆರೆ ಉಳಿದಿವೆ ಎಂಬುದನ್ನು ಇನ್ನೊಂದು ಬದಿಯಲ್ಲೂ ಬರೆಯಿರಿ.

ಆಮೇಲೆ ಅಜ್ಜನ ಸರದಿ. ಸ್ಟಿಯರಿಂಗ್ ಅವರ ಕೈಗೆ ಕೊಟ್ಟು, ಪೆನ್ನು ನೀವು ಹಿಡಿಯಿರಿ. ಮೊದಲ ತಿರುವಿನಲ್ಲಿ ಅವರು ಹುಲ್ಲಿಗೆ ಹೋದರೆ ನಗಬೇಡಿ. ಬ್ರೇಕು ಎಲ್ಲಿ ಹಾಕಬೇಕೆಂದು ಹೇಳಿಕೊಡಿ.